ಒಂದು ಹಸಿರಿಗೆ ಒಂದೇ ಕಾರು

ಬೆಳಿಗ್ಗೆ ಏಳೂವರೆ, ಅಮೆರಿಕದ ಮಿನಿಯಾಪೊಲಿಸ್. ನನ್ನ ಮುಂದೆ ಹನ್ನೊಂದು ಕಾರುಗಳಿವೆ. ಎಣಿಸಿದ್ದೇನೆ, ಬೇರೆ ಏನು ಕೆಲಸ? ಇಲ್ಲಿ ಅಡ್ಡರಸ್ತೆ ಇಲ್ಲ, ನಡೆದು ದಾಟುವವರೂ ಇಲ್ಲ. ಐ-35ಡಬ್ಲ್ಯೂ ಫ್ರೀವೇಗೆ, ಅಂದರೆ ಸಿಗ್ನಲ್ ಇಲ್ಲದ ಹೆದ್ದಾರಿಗೆ, ಸೇರುವ ರ‍್ಯಾಂಪ್ ಅಷ್ಟೇ. ಆದರೂ ಒಂದು ಸಿಗ್ನಲ್. ಹಸಿರು ಬರುತ್ತದೆ, ಒಂದು ಕಾರು ಹೋಗುತ್ತದೆ, ಮತ್ತೆ ಕೆಂಪು. ಅಲ್ಲಿ ನೋಡಿ, ಫ್ರೀವೇ ಆರಾಮಾಗಿ ಓಡುತ್ತಿದೆ. ಅದು ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೇ ಸಿಟ್ಟು ಜಾಸ್ತಿ.

ಇದಕ್ಕೆ ರ‍್ಯಾಂಪ್ ಮೀಟರ್ ಅನ್ನುತ್ತಾರೆ. ಮೊದಲ ದಿನ ನಾನು ಮುಂದಿನ ಕಾರಿನ ಬೆನ್ನಿಗೇ ನುಗ್ಗಿಬಿಟ್ಟಿದ್ದೆ. ಬೆಂಗಳೂರಿನ ಅಭ್ಯಾಸ, ಅಲ್ವಾ? ಪಕ್ಕದಲ್ಲಿದ್ದ ಹೆಂಡತಿ "ರೀ, ಕೆಂಪು ಬಿದ್ದಿದೆ!" ಅಂತ ಕೂಗಿದಳು. ಅಷ್ಟರಲ್ಲಿ ದಾಟಿ ಆಗಿತ್ತು.

ಮದುವೆ ಛತ್ರದ ಊಟದ ಹಾಲ್ ನೆನಪಿಸಿಕೊಳ್ಳಿ. ಎರಡನೇ ಪಂಕ್ತಿಗೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಾರೆ. ಒಬ್ಬೊಬ್ಬರಾಗಿ ಬಂದರೆ ಬೇಗ ಕೂರುತ್ತಾರೆ. ಫ್ರೀವೇ ಕಥೆಯೂ ಇದೇ. ರಸ್ತೆ ತುಂಬುತ್ತಿರುವಾಗ ಹತ್ತು ಕಾರು ಸಾಲಾಗಿ ಒಳಗೆ ತೂರಿದರೆ ಯಾರೋ ಬ್ರೇಕ್ ಒತ್ತುತ್ತಾರೆ. ಹಿಂದಿನವರು ಇನ್ನೂ ಜೋರಾಗಿ ಒತ್ತುತ್ತಾರೆ. ಹಾಗೆ ಒಮ್ಮೆ ಜಾಮ್ ಆಯಿತೋ, ಅದೇ ರಸ್ತೆಯಲ್ಲಿ ಗಂಟೆಗೆ ದಾಟುವ ಕಾರುಗಳೇ ಕಡಿಮೆಯಾಗುತ್ತವೆ. ಜಾಗ ಬೇಕಾದ ಹೊತ್ತಿಗೇ ರಸ್ತೆ ಕುಗ್ಗಿದ ಹಾಗೆ. ಆ ಹಂತ ಮುಟ್ಟದಿರಲಿ ಅಂತಲೇ ಈ ಕೆಂಪು ದೀಪ.

ಇದು ಹೊಸದೇನಲ್ಲ. 1963ರಲ್ಲಿ ಷಿಕಾಗೋದ ಐಸೆನ್‌ಹೋವರ್ ಎಕ್ಸ್‌ಪ್ರೆಸ್‌ವೇ ರ‍್ಯಾಂಪಿನಲ್ಲಿ ಪೊಲೀಸರೊಬ್ಬರು ನಿಂತು ಒಂದೊಂದೇ ಕಾರು ಬಿಡುತ್ತಿದ್ದರು. ಈಗ ರಸ್ತೆಯೊಳಗೆ ಹೂತ ತಂತಿ ಸುರುಳಿಗಳು ಕಾರು ಎಣಿಸುತ್ತವೆ, ಕಂಪ್ಯೂಟರ್ ದೀಪ ಬದಲಿಸುತ್ತದೆ.

ನನ್ನ ಹಾಗೆ ಸಿಟ್ಟಾದವರು ಇಲ್ಲಿ ಬೇಕಾದಷ್ಟು ಜನ ಇದ್ದರು. ಇಲ್ಲಿನ ಮಿನ್ನೆಸೋಟಾ ರಾಜ್ಯದ ಸೆನೆಟರ್ ಡಿಕ್ ಡೇ ಈ ಮೀಟರ್‌ಗಳ ವಿರುದ್ಧ ಬಿಡದೆ ಬೆನ್ನು ಹತ್ತಿದರು. ಕೊನೆಗೆ ರಾಜ್ಯದ ಶಾಸನಸಭೆ, ದೀಪ ಆರಿಸಿಯೇ ನೋಡೋಣ ಅಂದಿತು. 2000ದ ಅಕ್ಟೋಬರ್‌ನಲ್ಲಿ ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರಗಳ ಸುಮಾರು 430 ಮೀಟರ್‌ಗಳನ್ನು ಕೆಲವು ವಾರ ಆರಿಸಿದರು. ರ‍್ಯಾಂಪಿನಲ್ಲಿ ಕಾಯುವುದೇನೋ ತಪ್ಪಿತು. ಆದರೆ ಫ್ರೀವೇಯಲ್ಲಿ ದಾಟುವ ವಾಹನಗಳು ಶೇ. 9ರಷ್ಟು ಇಳಿದವು. ಪ್ರಯಾಣದ ಸಮಯ ಶೇ. 22ರಷ್ಟು ಏರಿತು. ಅಪಘಾತಗಳು ಶೇ. 26ರಷ್ಟು ಹೆಚ್ಚಾದವು.

ಹಾಗಂತ ದೂರಿದವರದ್ದು ಪೂರ್ತಿ ತಪ್ಪೂ ಅಲ್ಲ. ಮೀಟರ್ ಮತ್ತೆ ಹಾಕುವಾಗ ಒಂದು ಮಿತಿ ಇಟ್ಟರು. ಊರಿನ ರಸ್ತೆಯಿಂದ ಬರುವ ರ‍್ಯಾಂಪಿನಲ್ಲಿ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕಾಯಿಸಬಾರದು, ಒಂದು ಫ್ರೀವೇಯಿಂದ ಇನ್ನೊಂದಕ್ಕೆ ಹೋಗುವ ಕಡೆ ಎರಡೇ ನಿಮಿಷ. ನನ್ನ ತಕರಾರು ಇನ್ನೊಂದಿದೆ. ನಾನು ಹೋಗುವುದು ನಾಲ್ಕೇ ಮೈಲಿ. ಇಪ್ಪತ್ತು ಮೈಲಿ ಆಚೆಯಿಂದ ಫ್ರೀವೇಯಲ್ಲೇ ಬಂದವರಿಗೆ ದಾರಿ ಸಲೀಸಾಗಲಿ ಅಂತ ನಾನಿಲ್ಲಿ ಕಾಯಬೇಕು. ಲೆಕ್ಕ ಸರಿ ಇರಬಹುದು, ಹೊಟ್ಟೆ ಉರಿಯುವುದು ಬೇರೆ. ಕೆಲವು ರ‍್ಯಾಂಪ್‌ಗಳಲ್ಲಿ ಬಸ್ಸಿಗೆ ಬೇರೆ ಲೇನ್ ಇದೆ. ಅದನ್ನು ಕಂಡರೆ ಇನ್ನೂ ಉರಿ!

ಇವತ್ತು ಎರಡು ನಿಮಿಷ ಹತ್ತು ಸೆಕೆಂಡ್ ಆಗಿದೆ. ಮುಂದೆ ಯಾರೂ ಇಲ್ಲ. ಕೆಂಪು... ಕೆಂಪು... ಬಂತು ಹಸಿರು. ಹೊರಟೆ.