ಕಾಣದ ಚೌಕ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು, ವೆಬ್ ಪುಟಕ್ಕೆ ಚಲಿಸುವ ಚಿತ್ರ ಮತ್ತು ಆಟ ಮಾಡುವ ಫ್ಲ್ಯಾಶ್ ಎಂಬ ಸಾಫ್ಟ್‌ವೇರನ್ನು ನೋಡಿರಲಿಕ್ಕಿಲ್ಲ. ನನ್ನ ಕೆಲಸದ ಮೊದಲ ಹತ್ತು ವರ್ಷ ಅದರಲ್ಲೇ ಕಳೆಯಿತು. ಅದರಲ್ಲಿ ಒಂದು ಬಟನ್ ಮಾಡಬೇಕಾದರೆ ನಾಲ್ಕು ಫ್ರೇಮ್ ತುಂಬಬೇಕಿತ್ತು. ಅಪ್ ಎಂದರೆ ಬಟನ್ ಸುಮ್ನೆ ಇದ್ದಾಗಿನ ಚಿತ್ರ. ಓವರ್ ಎಂದರೆ ಮೌಸ್ ಅದರ ಮೇಲೆ ಬಂದಾಗಿನದು. ಡೌನ್ ಎಂದರೆ ಒತ್ತಿದಾಗಿನದು. ನಾಲ್ಕನೆಯದರ ಹೆಸರು ಹಿಟ್. ಅದರಲ್ಲಿ ಏನು ಬರೆದರೂ ನೋಡುವವರಿಗೆ ಕಾಣುವುದಿಲ್ಲ. ಎಲ್ಲಿ ತಾಗಿದರೆ ಬಟನ್ ಒತ್ತಿದ ಲೆಕ್ಕ ಎಂದು ಕಂಪ್ಯೂಟರಿಗೆ ಹೇಳುವ ಚೌಕ ಅದು. ಚಿತ್ರ ದೊಡ್ಡದಿದ್ದು ಚೌಕ ಚಿಕ್ಕದಿರಬಹುದು. ಚಿತ್ರ ಚಿಕ್ಕದಿದ್ದು ಚೌಕ ದೊಡ್ಡದಿರಬಹುದು. ಅದು ಮಾಡುವವನ ಕೈಯಲ್ಲಿದೆ. ಒತ್ತುವವರಿಗೆ ಗೊತ್ತೇ ಆಗುವುದಿಲ್ಲ.

ಇಪ್ಪತ್ತು ವರ್ಷ ವೆಬ್ ಜಾಹೀರಾತು, ಪುಟ್ಟ ಪುಟ್ಟ ಆಟ ಮಾಡಿಕೊಂಡು ಬಂದಿದ್ದೇನೆ. ಈ ಕಸುಬಿನ ಬಗ್ಗೆ ನಿಮ್ಮ ಹತ್ತಿರ ಹೇಳಬೇಕು ಅನಿಸಿದ್ದೆಲ್ಲ ಆ ನಾಲ್ಕನೇ ಫ್ರೇಮಿನ ಸುತ್ತಲೇ ಇದೆ.

ನಾನು ಇದೇ ಶಿರಸಿ ತಾಲ್ಲೂಕಿನವನು. ಕಂಪ್ಯೂಟರ್ ಕಲಿತದ್ದು ಇಲ್ಲೇ ಪೇಟೆಯ ಸೈಬರ್ ಕೆಫೆಯಲ್ಲಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು. ಡಯಲ್‌ಅಪ್ ಕಾಲ ಅದು, ಎಂದರೆ ಫೋನ್ ತಂತಿಯಲ್ಲೇ ನಿಧಾನವಾಗಿ ಇಂಟರ್ನೆಟ್ ಬರುತ್ತಿದ್ದ ಕಾಲ. ಒಂದು ಪುಟ ತೆರೆಯಲು ಇಟ್ಟು, ಹೊರಗೆ ಮಳೆ ನೋಡುತ್ತ ಕೂತಿರುತ್ತಿದ್ದೆ. ಕರೆಂಟು ಹೋದರೆ ಆ ಗಂಟೆಯೂ ಹೋಯಿತು, ದುಡ್ಡೂ ಹೋಯಿತು. 2004ರಲ್ಲಿ ಬೆಂಗಳೂರಿಗೆ ಹೋಗಿ ಒಂದು ಜಾಹೀರಾತು ಏಜೆನ್ಸಿ ಸೇರಿದಾಗ ಮೊದಲ ದಿನವೇ ಒಂದು ನಿಯಮ ಹೇಳಿದರು. ಬ್ಯಾನರ್, ಎಂದರೆ ವೆಬ್ ಪುಟದಲ್ಲಿ ಕೂರುವ ಜಾಹೀರಾತಿನ ಪಟ್ಟಿ, 40 ಕೆಬಿ ದಾಟಬಾರದು. ಜೊತೆಗಿದ್ದವರು ಗೊಣಗಿದರು. ನನಗೆ ಮಾತ್ರ ಆ ಸೈಬರ್ ಕೆಫೆ ನೆನಪಾಯಿತು. 56 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 56 ಕಿಲೋಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಆ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ 40 ಕೆಬಿ ಇಳಿಯಲು ಸುಮಾರು ಆರು ಸೆಕೆಂಡು ಬೇಕು. ಪೂರ್ತಿ ವೇಗ ಸಿಗುತ್ತಿದ್ದುದೇ ಅಪರೂಪ. ಯಾರದೋ ದುಡ್ಡು ಕೊಟ್ಟ ಗಂಟೆಯೊಳಗೆ ನಾವು ಕರೆಯದೆ ಹೋಗುತ್ತಿದ್ದೇವೆ ಎಂದು ನನಗೆ ಆಗಲೇ ಗೊತ್ತಿತ್ತು.

ಹಳೆಯ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ವೆಬ್‌ನಲ್ಲಿ ಬ್ಯಾನರ್ ಜಾಹೀರಾತು ಶುರುವಾದದ್ದು 1994ರ ಅಕ್ಟೋಬರ್‌ನಲ್ಲಿ, ಅಮೆರಿಕದ ಹಾಟ್‌ವೈರ್ಡ್ ತಾಣದಲ್ಲಿ. ಅದು ಬರೀ ಒಂದು ಚಿತ್ರ. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಸಾಫ್ಟ್‌ವೇರ್ ಬಂತು. ಅದನ್ನು ಮ್ಯಾಕ್ರೋಮೀಡಿಯಾ ಕಂಪನಿ ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟಿತು. ಫ್ಲ್ಯಾಶ್ ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟುಕೊಳ್ಳುತ್ತಿರಲಿಲ್ಲ. ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ಬಾಗುತ್ತದೆ ಎಂಬ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತಿತ್ತು. ಅದಕ್ಕೇ ಫೈಲು ಅಷ್ಟು ಹಗುರ. 2000ದಲ್ಲಿ ಬಂದ ಫ್ಲ್ಯಾಶ್ 5ರಲ್ಲಿ ಆ್ಯಕ್ಷನ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸೇರಿತು. ಅಲ್ಲಿಂದ ಬ್ಯಾನರಿನ ಒಳಗೇ ಆಟ ಆಡಿಸುವುದು ಸಲೀಸಾಯಿತು.

ಕನ್ನಡದ ಬ್ಯಾನರ್ ಮಾಡುವ ಕಷ್ಟ ಮಾತ್ರ ಬೇರೆಯೇ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಎಲ್ಲೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ಆಗಿನ ಫ್ಲ್ಯಾಶ್‌ಗೆ ನಮ್ಮ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಯುನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿ ‘ಅಕ್ಕಿ’ ಎಂದು ಕೊಟ್ಟರೆ ತುಂಡು ತುಂಡಾಗಿ ಬೀಳುತ್ತಿತ್ತು. ಇಂಥ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಬಂದದ್ದು 2008ರಲ್ಲಿ, ಬ್ರೌಸರಿನಲ್ಲಿ ಫ್ಲ್ಯಾಶ್ ಫೈಲು ಆಡಿಸುವ ಫ್ಲ್ಯಾಶ್ ಪ್ಲೇಯರ್ 10ರ ಜೊತೆ. ಅಲ್ಲಿಯವರೆಗೆ ನಾವು ಯುನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ, ‘ಬ್ರೇಕ್ ಅಪಾರ್ಟ್’ ಎಂಬ ಕಮಾಂಡನ್ನು ಎರಡು ಸಲ ಕೊಡುತ್ತಿದ್ದೆವು. ಮೊದಲ ಸಲಕ್ಕೆ ಸಾಲು ಒಡೆದು ಬಿಡಿ ಅಕ್ಷರವಾಗುತ್ತದೆ. ಎರಡನೇ ಸಲಕ್ಕೆ ಅಕ್ಷರ ಒಡೆದು ಬರೀ ಆಕಾರವಾಗುತ್ತದೆ. ಆಮೇಲೆ ತಪ್ಪು ಕಂಡರೆ ತಿದ್ದುವ ಹಾಗಿಲ್ಲ, ಮೊದಲಿಂದ ಮಾಡಬೇಕು. ಇಂಗ್ಲಿಷಿನ ದೊಡ್ಡ ‘ಎಲ್’ ಅಕ್ಷರಕ್ಕೆ ಆರು ಬಿಂದು ಸಾಕು. ನಮ್ಮ ‘ಕ್ಷ’ಕ್ಕೆ ಅದರ ಎಷ್ಟೋ ಪಟ್ಟು ಬೇಕು, ಎಲ್ಲ ಗುಂಡಗಿನ ಗೆರೆಗಳೇ ಅಲ್ವಾ. ಪ್ರತಿ ಬಿಂದುವೂ ತೂಕ. ರಾತ್ರಿ ಕೂತು ಒಂದೊಂದೇ ಬಿಂದು ತೆಗೆಯುತ್ತಿದ್ದೆ. ಒಂದು ಜಾಸ್ತಿ ತೆಗೆದರೆ ಅಕ್ಷರದ ದುಂಡು ಕೆಟ್ಟು ಮೂಲೆ ಮೂಲೆಯಾಗುತ್ತಿತ್ತು. ನಮ್ಮ ಅಕ್ಷರಗಳ ಮೈಕಟ್ಟು ನನಗೆ ಗೊತ್ತಾದದ್ದು ಶಾಲೆಯಲ್ಲಿ ಅಲ್ಲ, ಆ ರಾತ್ರಿಗಳಲ್ಲಿ.

ಇನ್ನು ಆಟದ ಮಾತು. ಒಮ್ಮೆ ಒಂದು ಹಣ್ಣಿನ ರಸದ ಜಾಹೀರಾತಿಗೆ ಆಟ ಮಾಡಬೇಕಿತ್ತು. ಮೇಲಿಂದ ಮಾವಿನಹಣ್ಣು ಬೀಳುತ್ತದೆ, ಕೆಳಗೆ ಬುಟ್ಟಿ ಸರಿಸಿ ಹಿಡಿಯಬೇಕು. ನಡುವೆ ಕಲ್ಲುಗಳೂ ಬೀಳುತ್ತವೆ, ಅವುಗಳಿಂದ ತಪ್ಪಿಸಿಕೊಳ್ಳಬೇಕು. ಅಂಕೋಲೆಯ ರಸ್ತೆ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಕರಿ ಇಶಾಡು ಹಣ್ಣನ್ನೇ ಕಣ್ಣಮುಂದೆ ಇಟ್ಟುಕೊಂಡು ಚಿತ್ರ ಬರೆದೆ. ಬುಟ್ಟಿಯ ಚಿತ್ರ ಎಷ್ಟಿದೆಯೋ ಅಷ್ಟಕ್ಕೇ ಸರಿಯಾಗಿ ಚೌಕ ಇಟ್ಟೆ. ಲೆಕ್ಕ ಪಕ್ಕಾ ಇತ್ತು. ಪಕ್ಕದವರಿಗೆ ಆಡಲು ಕೊಟ್ಟರೆ ಎಲ್ಲರದೂ ಒಂದೇ ದೂರು: “ತಾಗಿತ್ತಲ್ಲ, ಆದ್ರೂ ಯಾಕೆ ಬಿತ್ತು?”

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಬಂದು ನೋಡಿದರು. ಬುಟ್ಟಿಯ ಚೌಕವನ್ನು ಎರಡೂ ಕಡೆ ಹತ್ತು ಹತ್ತು ಪಿಕ್ಸೆಲ್ ದೊಡ್ಡದು ಮಾಡಿಸಿದರು. ಕಲ್ಲಿನ ಚೌಕವನ್ನು ಅದರ ಚಿತ್ರಕ್ಕಿಂತ ಚಿಕ್ಕದು ಮಾಡಿಸಿದರು. ಅಷ್ಟೇ. ಈಗ ಹಣ್ಣು ಅಂಚಿಗೆ ತಾಗಿದರೂ ಬುಟ್ಟಿಗೆ ಬೀಳುತ್ತದೆ. ಕಲ್ಲು ಕಿವಿ ಸವರಿಕೊಂಡು ಹೋದರೂ ಆಟ ಮುಗಿಯುವುದಿಲ್ಲ. ಅದೇ ಜನ ಮತ್ತೆ ಆಡಿ, ಅರೆ, ಈಗ ಕೈ ಕೂತಿತು ಅಂದರು. ಜಿಗಿಯುವ ಆಟಗಳಲ್ಲಿಯೂ ಹೀಗೇ. ಬಂಡೆಯ ಅಂಚು ದಾಟಿದ ಮೇಲೂ ಮೂರ್ನಾಲ್ಕು ಫ್ರೇಮ್‌ಗಳ ತನಕ ಜಿಗಿಯಲು ಬಿಡುತ್ತೇವೆ. ಕಸುಬಿನಲ್ಲಿ ಇದಕ್ಕೆ ಕಯೋಟಿ ಟೈಮ್ ಎನ್ನುತ್ತಾರೆ. ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ತಡ ಆಡುವವರ ತಪ್ಪಲ್ಲ. ಅದನ್ನು ಆಟ ಹೊತ್ತುಕೊಳ್ಳಬೇಕು.

ಇದನ್ನು ನಾನು ಮೊದಲು ನೋಡಿದ್ದು ಕಂಪ್ಯೂಟರಿನಲ್ಲಿ ಅಲ್ಲ. ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಪೇಟೆಯ ಬಿಡ್ಕಿಬೈಲು ಎಂಬ ಜಾಗದಲ್ಲಿ ದೇವಿ ಕೂತಿರುವ ದಿನಗಳಲ್ಲಿ ರಿಂಗ್ ಎಸೆಯುವ ಅಂಗಡಿಗಳು ಇರುತ್ತವೆ. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಅಂಥ ಒಂದು ಅಂಗಡಿಯವರು ಒಂದು ಕೆಲಸ ಮಾಡುತ್ತಿದ್ದರು. ನೆಲದ ಮೇಲೆ ಹಗ್ಗದ ಗೆರೆ. ದೊಡ್ಡವರು ಅದರ ಆಚೆ ನಿಂತು ಎಸೆಯಬೇಕು. ಚಿಕ್ಕ ಮಕ್ಕಳು ಬಂದರೆ ಅಂಗಡಿಯವರು ಏನೂ ಹೇಳದೆ ಕಾಲಿನಿಂದ ಹಗ್ಗವನ್ನು ಒಂದು ಮೊಳ ಮುಂದೆ ಸರಿಸುತ್ತಿದ್ದರು. ಆ ವರ್ಷ ನಾನು ಒಂದು ಸೋಪು ಗೆದ್ದೆ. ಆಯಿಗೆ, ಎಂದರೆ ನನ್ನ ತಾಯಿಗೆ, ತಂದುಕೊಟ್ಟೆ. ಹಗ್ಗ ಸರಿದದ್ದು ನನಗೆ ಕಂಡಿರಲಿಲ್ಲ. ಮುಂದಿನ ಜಾತ್ರೆಯಲ್ಲಿ ತಂಗಿ ಎಸೆಯುವಾಗ ಪಕ್ಕದಲ್ಲಿ ನಿಂತಿದ್ದೆನಲ್ಲ, ಆಗ ಕಂಡಿತು.

ಮುಂದಿನ ಕೆಲವು ವರ್ಷಗಳದು ನಿಮಗೂ ಗೊತ್ತಿರಬಹುದು, ಬೇಗ ಹೇಳುತ್ತೇನೆ. 2007ರಲ್ಲಿ ಐಫೋನ್ ಬಂತು, ಅದರಲ್ಲಿ ಫ್ಲ್ಯಾಶ್ ಓಡುತ್ತಿರಲಿಲ್ಲ. 2010ರ ಏಪ್ರಿಲ್‌ನಲ್ಲಿ ಐಫೋನ್ ಮಾಡುವ ಆಪಲ್ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಕಾರಣ ಹೇಳಿದರು. ಭದ್ರತೆ, ಬ್ಯಾಟರಿ ಹೀಗೆ ಹಲವು ಕಾರಣ. ನನ್ನನ್ನು ತಟ್ಟಿದ್ದು ಅದರಲ್ಲಿ ಒಂದೇ: ಫ್ಲ್ಯಾಶ್ ಮಾಡಿದ್ದು ಮೌಸ್‌ಗಾಗಿ, ಬೆರಳಿಗಾಗಿ ಅಲ್ಲ. ನಿಜ. ಬೆರಳು ಒತ್ತುವ ಮೊದಲು ಗಾಳಿಯಲ್ಲಿರುತ್ತದೆ. ನಮ್ಮ ನಾಲ್ಕು ಫ್ರೇಮಿನಲ್ಲಿ ಓವರ್ ಎಂಬುದಕ್ಕೆ ಫೋನಿನಲ್ಲಿ ಅರ್ಥವೇ ಇಲ್ಲ. 2011ರ ನವೆಂಬರ್‌ನಲ್ಲಿ, ಅಷ್ಟರಲ್ಲಿ ಫ್ಲ್ಯಾಶ್‌ನ ಒಡೆತನ ಪಡೆದಿದ್ದ ಅಡೋಬಿ ಕಂಪನಿ ಮೊಬೈಲ್ ಬ್ರೌಸರಿನ ಫ್ಲ್ಯಾಶ್ ಕೈಬಿಟ್ಟಿತು. 2017ರ ಜನವರಿಯಿಂದ ಗೂಗಲ್‌ನ ಜಾಹೀರಾತು ಜಾಲದಲ್ಲಿ ಫ್ಲ್ಯಾಶ್ ಬ್ಯಾನರ್ ಓಡುವುದು ನಿಂತಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಮುಗಿಯಿತು. ಫೇಸ್‌ಬುಕ್‌ನಲ್ಲಿ ನಮ್ಮಲ್ಲಿ ಎಷ್ಟೋ ಜನ ಆಡುತ್ತಿದ್ದ ಹಳೆಯ ಫಾರ್ಮ್‌ವಿಲ್ ಆಟ ಕೂಡ ಅದೇ ದಿನ ಮುಚ್ಚಿತು. ಮರುವರ್ಷದ ಜನವರಿ 12ರಿಂದ ಹಳೆಯ ಫೈಲು ತೆರೆದರೆ ಪ್ಲೇಯರ್ ಆಡಿಸುವುದನ್ನೇ ನಿಲ್ಲಿಸಿತು. ಹತ್ತು ವರ್ಷದ ಕೆಲಸ ಕಣ್ಣೆದುರೇ ಖಾಲಿ ಪೆಟ್ಟಿಗೆ. ತುಂಬ ಬೇಸರವಾಯಿತು.

ಅಷ್ಟರಲ್ಲಿ ನಾನು ಬ್ರೌಸರಿನ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಮತ್ತು ಅದರಿಂದ ಚಿತ್ರ ಬರೆಯುವ ಖಾಲಿ ಹಾಳೆಯಂಥ ಕ್ಯಾನ್ವಾಸ್ ಕಲಿತಿದ್ದೆ. ಅಲ್ಲಿ ಬಟನ್ ಎಂಬ ವಸ್ತುವೇ ಇಲ್ಲ. ಬೆರಳು ಬಿದ್ದ ಜಾಗದ ಎರಡು ಅಂಕಿ ಸಿಗುತ್ತವೆ. ಅದು ನಮ್ಮ ಚೌಕದ ಒಳಗಿದೆಯಾ ಎಂದು ನಾವೇ ಹೋಲಿಸಿ ನೋಡಬೇಕು. ಕೆಲಸವೂ ಬದಲಾಯಿತು. ಈಗ ಪ್ಲೇಯಬಲ್ ಆ್ಯಡ್ ಕಾಲ. ನೀವು ಯಾವುದೋ ಆಟ ಆಡುವಾಗ ನಡುವೆ ಇನ್ನೊಂದು ಆಟದ ತುಣುಕು ಬರುತ್ತದಲ್ಲ, ಅದು. ಇಡೀ ತುಣುಕು ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಇರಬೇಕು, ಕೆಲವು ಕಡೆ ಮಿತಿ 5 ಎಂಬಿ. ಚಿತ್ರವನ್ನು ಅಕ್ಷರಗಳಾಗಿ ಬದಲಿಸಿ ಫೈಲಿನೊಳಗೇ ತುಂಬಬೇಕು, ಆಗ ಅದರ ತೂಕ ಮೂರನೇ ಒಂದು ಭಾಗ ಏರುತ್ತದೆ. ನನಗೆ 40 ಕೆಬಿ ದಿನಗಳ ಅಭ್ಯಾಸ ಕೈಹಿಡಿಯಿತು.

ಈಗ ಹೇಳುವುದು ಹೇಳಲು ಕಷ್ಟವಾದ ಮಾತು. ಒಮ್ಮೆ ಒಬ್ಬ ಕ್ಲೈಂಟ್ ಕಡೆಯಿಂದ ಬೇಡಿಕೆ ಬಂತು. ಜಾಹೀರಾತು ಮುಚ್ಚುವ ಇಂಟು ಗುರುತಿನ ಚಿತ್ರ ಹಾಗೇ ಇರಲಿ, ಅದರ ಒತ್ತುವ ಜಾಗ ಮಾತ್ರ ಚಿಕ್ಕದಾಗಲಿ. ಬೆರಳು ಸ್ವಲ್ಪ ತಪ್ಪಿದರೂ ಆ್ಯಪ್ ಸ್ಟೋರ್ ತೆರೆಯಬೇಕು. ಕ್ಲಿಕ್ ಲೆಕ್ಕ ಏರುತ್ತದೆ. ನಾಲ್ಕು ಅಂಕಿ ಬದಲಿಸುವ ಕೆಲಸ. ಬದಲಿಸಿದೆ. ಎರಡು ನಿಮಿಷವೂ ಬೇಕಾಗಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದೆ. ಆಯಿ ದಿನಾ ಮಧ್ಯಾಹ್ನ ಊಟವಾದ ಮೇಲೆ ಫೋನಿನಲ್ಲಿ ಅಡಿಕೆ ದರ ನೋಡುತ್ತಾಳೆ. ರಾಶಿ ಎಷ್ಟು, ಚಾಲಿ ಎಷ್ಟು. ಒಂದು ದಿನ ಜಗಲಿಯಿಂದ ಕರೆದಳು. “ತಮಾ, ಎಂತದೋ ಬಂತು ನೋಡು. ಹೋಗ್ತಿಲ್ಲೆ.” ಪರದೆ ತುಂಬ ಒಂದು ಆಟದ ಜಾಹೀರಾತು. ನಾನು ನೋಡುತ್ತಿದ್ದ ಹಾಗೆ ಮತ್ತೆ ಇಂಟು ಒತ್ತಿದಳು, ಸ್ಟೋರ್ ತೆರೆಯಿತು. ವಾಪಸ್ ಬಂದು ಮತ್ತೆ ಒತ್ತಿದಳು, ಮತ್ತೆ ಸ್ಟೋರ್. ಅಡಿಕೆ ಸುಲಿದು ಒರಟಾದ ಹೆಬ್ಬೆರಳು. ತನಗೇ ಫೋನ್ ಸರಿಯಾಗಿ ಬರುವುದಿಲ್ಲ ಎಂದುಕೊಂಡು ಅವಳು ಫೋನನ್ನು ನನ್ನ ಕೈಗಿಟ್ಟಳು. ಆ ಜಾಹೀರಾತು ನಾನು ಮಾಡಿದ್ದಲ್ಲ. ಆದರೆ ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಬುಟ್ಟಿಯ ಚೌಕ ದೊಡ್ಡದು ಮಾಡಿದ್ದ ಅದೇ ವಿದ್ಯೆ. ತಿರುಗಿಸಿ ಹಿಡಿದದ್ದು ಅಷ್ಟೇ. ಹಗ್ಗವನ್ನು ಮಗುವಿನಿಂದ ಹಿಂದಕ್ಕೆ ಎಳೆದ ಹಾಗೆ.

ಈಗ ಇದಕ್ಕೆ ನಿಯಮ ಇದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್, ಎಂದರೆ ಬಳಸುವವರನ್ನು ದಾರಿ ತಪ್ಪಿಸುವ ವಿನ್ಯಾಸ, ತಡೆಯುವ ಮಾರ್ಗಸೂಚಿ ಹೊರಡಿಸಿತು. 13 ಬಗೆಯ ಮೋಸಗಳ ಪಟ್ಟಿ ಅದರಲ್ಲಿದೆ. ಮುಚ್ಚುವ ಗುರುತು ಒತ್ತಿದರೆ ಇನ್ನೊಂದು ಜಾಹೀರಾತು ತೆರೆಯುವುದನ್ನು ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಬರುವವರಿದ್ದರೆ ಅದನ್ನು ಓದಿ. ಕ್ಲೈಂಟ್ ಹತ್ತಿರ ಬೇಡ ಎನ್ನುವಾಗ ಕೈಯಲ್ಲಿ ಒಂದು ಕಾಗದ ಇದ್ದರೆ ಧೈರ್ಯ ಬರುತ್ತದೆ. ಆಪಲ್‌ನವರು ಬೆರಳಿಗೆ ಪರದೆಯ ಅಳತೆಯಲ್ಲಿ ಕನಿಷ್ಠ 44 ಪಾಯಿಂಟ್ ಅಗಲ, 44 ಪಾಯಿಂಟ್ ಎತ್ತರದ ಜಾಗ ಇರಲಿ ಎನ್ನುತ್ತಾರೆ. ನಾನು ಊರಿನಿಂದಲೇ ಕೆಲಸ ಮಾಡಲು ಶುರುಮಾಡಿದ ಮೇಲೆ, ಒಪ್ಪಂದದಲ್ಲೇ ಬರೆಯುತ್ತೇನೆ: ಮುಚ್ಚುವ ಗುರುತಿನ ಒತ್ತುವ ಜಾಗ ಇದಕ್ಕಿಂತ ಚಿಕ್ಕದಿರುವುದಿಲ್ಲ. ಇಬ್ಬರು ಕ್ಲೈಂಟ್ ಇದೇ ಕಾರಣಕ್ಕೆ ಬಿಟ್ಟು ಹೋದರು. ಉಳಿದವರು ಆ ಸಾಲು ಓದಿ ಸಹಿ ಹಾಕಿದರು.

ಫ್ಲ್ಯಾಶ್ ಸತ್ತರೂ ಫೈಲುಗಳು ಪೂರ್ತಿ ಹೋಗಿಲ್ಲ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ರಫಲ್ ಎಂಬ ಸಾಫ್ಟ್‌ವೇರ್ ಈಗಿನ ಬ್ರೌಸರಿನಲ್ಲೇ ಹಳೆಯ ಫ್ಲ್ಯಾಶ್ ಫೈಲುಗಳನ್ನು ಆಡಿಸುತ್ತದೆ. ಹಳೆಯ ವೆಬ್ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಎಂಬ ತಾಣ 2020ರ ನವೆಂಬರ್‌ನಿಂದ ಅದರ ಸಹಾಯದಿಂದ ಹಳೆಯ ಆಟಗಳನ್ನು ಉಳಿಸಿಡುತ್ತಿದೆ. ಕಳೆದ ಮಳೆಗಾಲದಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಯಿಂದ ನನ್ನ ಹಳೆಯ ಸಿ.ಡಿ.ಗಳನ್ನು ಇಳಿಸಿದೆ. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಮಾವಿನಹಣ್ಣಿನ ಆಟ ಓಡಿತು.

ಅದನ್ನು ತಂದಿದ್ದೇನೆ. ಆ ಮೂಲೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇದೆ. ಎರಡು ಪ್ರತಿ ಇಟ್ಟಿದ್ದೇನೆ: ಒಂದರಲ್ಲಿ ಚೌಕ ಚಿತ್ರದಷ್ಟೇ, ಇನ್ನೊಂದರಲ್ಲಿ ಹತ್ತು ಪಿಕ್ಸೆಲ್ ಜಾಸ್ತಿ. ಯಾವುದು ಯಾವುದು ಎಂದು ಬರೆದಿಲ್ಲ. ಚಹಾ ಕುಡಿದು ಬನ್ನಿ, ಎರಡನ್ನೂ ಆಡಿ, ಯಾವುದರಲ್ಲಿ ಹಗ್ಗ ಸರಿಸಿದ್ದೇನೆ ಎಂದು ನನಗೆ ಹೇಳಿ.