ಮಚ್ಛೆಯಿಂದ ಮಾಜಾಳಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಈಚೆಗೆ ಒಂದು ದಿನ ಸಂಜೆ ನನಗೆ ಫೋನ್ ಬಂತು. "ಅಕ್ಕೋರೇ, ನನ್ನ ಪದವಿ ಪ್ರದಾನ ಇದೆ. ನೀವು ಬರಲೇಬೇಕು. ಅಪ್ಪ ಬೋಟಿಗೆ ಹೋಗಬೇಕು, ಬರೂದಿಲ್ಲ ಅಂತಿದ್ದಾನೆ. ನೀವು ಬರ್ತೀರಿ ಅಂದ್ರೆ ಅವನೂ ಬರ್ತಾನೆ."

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು. ಫೋನ್ ಮಾಡಿದ ಹುಡುಗಿ ನನ್ನ ಕೊನೆಯ ಬ್ಯಾಚಿನವಳು. ಅಂಕೋಲಾ ಕಡೆಯ ಮೀನುಗಾರರ ಮನೆಯ ಮಗಳು. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದ್ದಾಳೆ. ಹೋಗದೇ ಇರಲು ಆಗುತ್ತದೆಯೇ? ಅವಳ ಅಪ್ಪ, ಅಮ್ಮ, ನಾನು, ಮೂವರೂ ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಅವಳು ಹಿಂದಿನ ದಿನವೇ ಹೋಗಿದ್ದಳು.

ಕಾರವಾರದಿಂದ ಮಾಜಾಳಿಗೆ ಹೋಗಬೇಕಾದರೆ ಕಾಳಿ ನದಿ ದಾಟಬೇಕು. ಇಲ್ಲಿನ ಹಳೆಯ ಸೇತುವೆ 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕುಸಿದು ಬಿದ್ದಿದ್ದು ನಿಮಗೆಲ್ಲ ನೆನಪಿರುತ್ತದೆ. ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಪೊಲೀಸರು, ಮೀನುಗಾರರು ಸೇರಿ ಉಳಿಸಿದರು. ಸುಮಾರು ನಲವತ್ತು ವರ್ಷದ ಸೇತುವೆ ಅದು. ಅಲ್ಲಿ ಬಂದಾಗ ಹುಡುಗಿಯ ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತ ಹೇಳಿದರು: "ಉಪ್ಪು ಗಾಳಿ ಕಬ್ಬಿಣವನ್ನು ಬಿಡೂದಿಲ್ಲ ಅಕ್ಕೋರೇ. ನಮ್ಮ ಬೋಟಿನ ಮೊಳೆಯನ್ನೂ ಬಿಡೂದಿಲ್ಲ."

ಸರಿಯಾದ ಮಾತು. ಉಪ್ಪು ಕಾಂಕ್ರೀಟಿನ ಒಳಗೆ ನಿಧಾನ ಇಳಿಯುತ್ತದೆ. ಸರಳು ಮುಟ್ಟಿದ ಮೇಲೆ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯ ಇದೆ. ಅವರಿಗೆ ಅದು ಬೋಟಿನ ಮೊಳೆಯಲ್ಲೇ ಗೊತ್ತಾಗಿತ್ತು.

ಮಾಜಾಳಿಯಲ್ಲಿ ಕೊಡುವ ಪದವಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. ನಾವೆಲ್ಲ ವಿಟಿಯು ಅನ್ನುತ್ತೇವೆ. ಅದರ ಮನೆ ಬೆಳಗಾವಿಯ ಹತ್ತಿರ ಮಚ್ಛೆಯಲ್ಲಿದೆ. ಆ ಆವರಣದ ಹೆಸರು ಜ್ಞಾನಸಂಗಮ. ಅಣಶಿ ಘಟ್ಟ ಹತ್ತಿ, ಜೋಯಿಡಾ, ಲೋಂಡಾ, ಖಾನಾಪುರ ದಾಟಿ ಹೋದರೆ ಬೆಳಗಾವಿ ಪೇಟೆಗಿಂತ ಮೊದಲೇ ಮಚ್ಛೆ ಸಿಗುತ್ತದೆ. ದೊಡ್ಡ ಘಟಿಕೋತ್ಸವ ಅಲ್ಲಿ ನಡೆಯುತ್ತದೆ. ಚಿನ್ನದ ಪದಕದವರು, ಪಿಎಚ್‌ಡಿಯವರು ಅಲ್ಲಿ ವೇದಿಕೆ ಹತ್ತುತ್ತಾರೆ. ಉಳಿದ ಸಾವಿರಾರು ಮಕ್ಕಳಿಗೆ ಅವರವರ ಕಾಲೇಜಿನ ಅಂಗಳದಲ್ಲೇ ಸಮಾರಂಭ. ನನಗೆ ಈ ಸಣ್ಣ ಸಮಾರಂಭವೇ ಹೆಚ್ಚು ಇಷ್ಟ. ಯಾಕೆಂದರೆ ಇಲ್ಲಿಗೆ ಅಪ್ಪ ಅಮ್ಮ ಬರಬಹುದು. ಒಂದು ಬಸ್ಸು ಹಿಡಿದರೆ ಸಾಕು.

ಈ ಒಂದು ಬಸ್ಸಿನ ಮಾತನ್ನೇ ನಾನು ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ನನ್ನ ಅಣ್ಣನಿಗೆ 1976ರಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಹುಬ್ಬಳ್ಳಿಯಲ್ಲಿ. ಅವನು ಕಬ್ಬಿಣದ ಟ್ರಂಕ್ ಹಿಡಿದು ಅರಬೈಲು ಘಟ್ಟ ಹತ್ತಿದ ದಿನ ಅಮ್ಮ ಊಟ ಮಾಡಲಿಲ್ಲ. ಟ್ರಂಕಿನಲ್ಲಿ ಬಟ್ಟೆಗಿಂತ ಜಾಸ್ತಿ ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಹಪ್ಪಳ. ನಮಗಿಂತ ಹಿಂದಿನವರಿಗೆ ಇನ್ನೂ ದೂರ. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು ಅಲ್ವಾ? ಎಂಜಿನಿಯರ್ ಆಗಬೇಕಾದವರು ಪುಣೆಯ ಕಡೆ ಮುಖ ಮಾಡುತ್ತಿದ್ದರು. ವಿಶ್ವೇಶ್ವರಯ್ಯನವರೂ ಅಷ್ಟೇ. ಮುದ್ದೇನಹಳ್ಳಿಯ ಹುಡುಗ ಬೆಂಗಳೂರಿನಲ್ಲಿ ಬಿಎ ಮುಗಿಸಿ, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಆಮೇಲೆ ಎಂಜಿನಿಯರಿಂಗ್ ಓದಲು ಪುಣೆಗೇ ಹೋದರು. ನಂತರ ಹುಬ್ಬಳ್ಳಿಯಲ್ಲಿ 1947ರಲ್ಲಿ ಕಾಲೇಜು ಬಂತು. ಸುರತ್ಕಲ್‌ನಲ್ಲಿ 1960ರಲ್ಲಿ ಬಂತು. 1980ರ ಹೊತ್ತಿಗೆ ನಮ್ಮ ಭಟ್ಕಳದಲ್ಲೇ ಅಂಜುಮನ್ ಸಂಸ್ಥೆಯ ಕಾಲೇಜು. 2004ರಲ್ಲಿ ಹಳಿಯಾಳ. ಆಮೇಲೆ ಕಾರವಾರ.

ಅಣ್ಣ ಹೋದ ಎರಡು ವರ್ಷಕ್ಕೆ ನನ್ನ ಪಿಯುಸಿ ಮುಗಿಯಿತು. ಗಣಿತದಲ್ಲಿ ನನಗೆ ಅವನಿಗಿಂತ ಜಾಸ್ತಿ ಅಂಕ. ಅಪ್ಪ ಪಟ್ಟಿ ನೋಡಿ ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಹೇಳಿದರು, "ಹೆಣ್ಣು ಮಗು. ಘಟ್ಟ ಹತ್ತಿಸಿ ಹಾಸ್ಟೆಲಿಗೆ ಕಳಿಸೂದು ಹೇಗೆ?" ಅವರು ಕೆಟ್ಟವರಲ್ಲ. ಆ ದೂರಕ್ಕೆ ಹೆದರಿದ್ದರು. ನಾನು ಮನೆಯ ಹತ್ತಿರವೇ ಬಿಎಸ್ಸಿ ಮಾಡಿದೆ. ಪಾಠ ಮಾಡುವ ಕೆಲಸವನ್ನು ನಾನು ಬಹಳ ಪ್ರೀತಿಯಿಂದ ಮಾಡಿದೆ. ಆದರೂ ಆ ಪಟ್ಟಿ ಇವತ್ತಿಗೂ ನನ್ನ ಕಪಾಟಿನಲ್ಲಿದೆ.

ಆದ್ದರಿಂದ ಒಂದು ವಿಶ್ವವಿದ್ಯಾಲಯ ಎಷ್ಟು ಬೆಳೆಯಿತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಹುಡುಗಿಯ ಮನೆಯಿಂದ ತರಗತಿಗೆ ಎಷ್ಟು ದೂರ ಅಂತ.

ವಿಟಿಯು ಕಾಯಿದೆ 1994ರದ್ದು. ವಿಶ್ವವಿದ್ಯಾಲಯ ಶುರುವಾಗಿದ್ದು 1998ರ ಏಪ್ರಿಲ್ 1ರಂದು. ಅದೇ ವರ್ಷ ಜನವರಿ 26ರಂದು ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡಿತು. ಎರಡೇ ತಿಂಗಳ ಅಂತರದಲ್ಲಿ ಕರಾವಳಿಗೆ ರೈಲೂ ಬಂತು, ಹೊಸ ವಿಶ್ವವಿದ್ಯಾಲಯವೂ ಬಂತು. ಅಲ್ಲಿಯವರೆಗೆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದವು. ನಮ್ಮ ಜಿಲ್ಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಪಠ್ಯ ಬೇರೆ, ಪರೀಕ್ಷೆ ಬೇರೆ. ವಿಟಿಯು ಬಂದ ಮೇಲೆ ಭಟ್ಕಳದ ಹುಡುಗ, ಬೆಂಗಳೂರಿನ ಹುಡುಗ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯತೊಡಗಿದರು. ಸಣ್ಣ ಊರಿನ ಮಕ್ಕಳಿಗೆ ಇದು ಕೊಟ್ಟ ಧೈರ್ಯ ಸಣ್ಣದಲ್ಲ. "ನೀನು ಎಲ್ಲಿಯವನು" ಅನ್ನುವ ಪ್ರಶ್ನೆ ಪ್ರಶ್ನೆಪತ್ರಿಕೆಯ ಮೇಲಂತೂ ಇರಲಿಲ್ಲ. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದಾಗ, ಅದರ ಪಾಠಗಳನ್ನು ಮೊದಮೊದಲು ಬಳಸಿ ನೋಡಿದವುಗಳಲ್ಲಿ ಈ ವಿಶ್ವವಿದ್ಯಾಲಯವೂ ಒಂದು.

ಇವತ್ತು ಅದರ ಕೆಳಗೆ 200ಕ್ಕೂ ಹೆಚ್ಚು ಕಾಲೇಜುಗಳಿವೆ. ಬೆಂಗಳೂರು, ಬೆಳಗಾವಿ, ಕಲಬುರಗಿ, ಮೈಸೂರು ಅಂತ ನಾಲ್ಕು ವಿಭಾಗ. ಪ್ರತಿ ವಿದ್ಯಾರ್ಥಿಗೂ ಹತ್ತು ಅಕ್ಷರ-ಅಂಕಿಗಳ ಒಂದು ಯುಎಸ್‌ಎನ್ ಸಂಖ್ಯೆ ಇರುತ್ತದೆ. ನಮ್ಮ ಹುಡುಗಿಯದ್ದು 2ರಿಂದ ಶುರು. 2 ಅಂದರೆ ಬೆಳಗಾವಿ ವಿಭಾಗ. ಅವಳ ಅಮ್ಮ ಆ ಸಂಖ್ಯೆಯನ್ನು ಬಾಯಿಪಾಠ ಮಾಡಿದ್ದಾರೆ. ಫಲಿತಾಂಶ ಬಂದ ದಿನ ಮೀನು ಮಾರುಕಟ್ಟೆಯಲ್ಲಿ ಪಕ್ಕದ ಅಂಗಡಿಯ ಹುಡುಗನ ಮೊಬೈಲಿನಲ್ಲಿ ಅವರೇ ಹೇಳಿ ಹೇಳಿ ಟೈಪ್ ಮಾಡಿಸಿದರಂತೆ. ಎಂಟು ಸೆಮಿಸ್ಟರ್, ಎಂಟು ಸಲ.

ಬೆಳವಣಿಗೆಯ ಜೊತೆಗೆ ನನಗೆ ಬೇಸರ ತರುವ ಸಂಗತಿಗಳೂ ಇವೆ. ಒಂದೇ ಪರೀಕ್ಷೆ ಅಂದಾಗ ಮಕ್ಕಳು ಹಳೆಯ ಪ್ರಶ್ನೆಪತ್ರಿಕೆ ನೋಡಿ ಓದುವುದೇ ಜಾಸ್ತಿಯಾಗುತ್ತದೆ. ದೊಡ್ಡ ಕಾಲೇಜುಗಳು ಸ್ವಾಯತ್ತ ಆಗಿ ತಮ್ಮ ಪಠ್ಯ ತಾವೇ ಮಾಡಿಕೊಳ್ಳುತ್ತಿವೆ. ಸಣ್ಣ ಕಾಲೇಜುಗಳಿಗೆ ಆ ಬಲ ಇನ್ನೂ ಬಂದಿಲ್ಲ. ಮತ್ತೆ ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕು. ರಾಜ್ಯದ ಎಷ್ಟೋ ಕಡೆ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಖಾಲಿ ಉಳಿಯುತ್ತವೆ. ನಾನು ಕಂಪ್ಯೂಟರ್ ಓದುವ ಮಕ್ಕಳನ್ನು ದೂರುವುದಿಲ್ಲ. ಮನೆಯ ಸಾಲ ತೀರಿಸಬೇಕಾದವರಿಗೆ ಕೆಲಸ ಸಿಗುವ ಕಡೆಯೇ ದಾರಿ. ಆದರೆ ನಮ್ಮ ಜಿಲ್ಲೆಯಲ್ಲಿ ನಿಂತು ನೋಡಿ.

2024ರ ಜುಲೈ 16. ಅಂಕೋಲಾ ತಾಲೂಕಿನ ಶಿರೂರು. ಹೆದ್ದಾರಿಯ ಮೇಲೆ ಗುಡ್ಡ ಬಂದು ಬಿತ್ತು, ಪಕ್ಕದ ಗಂಗಾವಳಿ ನದಿಗೂ ಇಳಿಯಿತು. ದಾರಿ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಮನೆಮಂದಿ, ಚಹಾ ಕುಡಿಯಲು ನಿಂತವರು. ಮಣ್ಣಿನ ಜೊತೆ ನದಿಗೆ ಬಿದ್ದಿದ್ದ ಲಾರಿಯನ್ನು ಮೇಲೆ ಎತ್ತುವಾಗ ಎರಡು ತಿಂಗಳ ಮೇಲಾಗಿತ್ತು. ಅದಕ್ಕೂ ಮೊದಲು, 2009ರ ಅಕ್ಟೋಬರಿನಲ್ಲಿ, ಕಾರವಾರದ ಪಕ್ಕದ ಕಡವಾಡದಲ್ಲಿ ಮನೆಗಳ ಮೇಲೆಯೇ ಗುಡ್ಡ ಕುಸಿದಿತ್ತು.

ನಮ್ಮ ಹುಡುಗಿ ಸಿವಿಲ್ ಮೂರನೇ ವರ್ಷ ಮುಗಿಸುವ ಹೊತ್ತಿಗೆ ಶಿರೂರು ಆಯಿತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು, ಅವಳ ಗೆಳತಿಯರು ಧರೆ ಕುಸಿತವನ್ನೇ ತೆಗೆದುಕೊಂಡರು. ಮಣ್ಣು ತಂದರು, ಒಣಗಿಸಿದರು, ನೀರು ಹಾಕಿ ಒತ್ತಿ ನೋಡಿದರು. ನನಗೂ ಬಂದು ಹೇಳಿದಳು. ನಮ್ಮ ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಚಿರೆಕಲ್ಲಿನ ತೂತುಗಳಲ್ಲಿ ಮಳೆ ನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಗುಡ್ಡದ ಬುಡವನ್ನು ರಸ್ತೆಗೆ ಅಂತ ನೆಟ್ಟಗೆ ಕಡಿದಿದ್ದರೆ ಆ ಭಾರ ತಡೆಯುವ ಕಾಲೇ ಇಲ್ಲ. ನೀರು ಹೊರಗೆ ಬರಲು ದಾರಿ ಮಾಡಿಕೊಡಬೇಕು, ಮೇಲೆ ಬಿರುಕು ಬಿಟ್ಟಿದೆಯೇ ನೋಡುತ್ತಿರಬೇಕು, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು.

"ಇದನ್ನೆಲ್ಲ ಊರಿನವರಿಗೆ ಹೇಗೆ ಹೇಳಿದೆ?" ಅಂತ ಕೇಳಿದೆ.

"ಇಂಗ್ಲಿಷ್ ಪುಸ್ತಕದ ಮಾತು ಬಿಟ್ಟೆ ಅಕ್ಕೋರೇ. ಗುಡ್ಡ ನೀರು ಕುಡಿದು ಭಾರ ಆಗಿದೆ, ನಾವು ಅದರ ಕಾಲು ಕಡಿದಿದ್ದೇವೆ ಅಂದೆ. ಎಲ್ಲರಿಗೂ ಅರ್ಥ ಆಯ್ತು."

ವಿಟಿಯು ಪಠ್ಯದಲ್ಲಿ 2018ರಿಂದ ವ್ಯಾವಹಾರಿಕ ಕನ್ನಡ, ಆಡಳಿತ ಕನ್ನಡ ಅಂತ ಇತ್ತು, ಆಮೇಲೆ ಬಳಕೆ ಕನ್ನಡ, ಸಾಂಸ್ಕೃತಿಕ ಕನ್ನಡ ಬಂದವು. ಒಳ್ಳೆಯ ಹೆಜ್ಜೆ. ಆದರೆ ಮಣ್ಣಿನ ಪಾಠ, ನೀರಿನ ಪಾಠ, ಸೇತುವೆಯ ಪಾಠವನ್ನೂ ಕನ್ನಡದಲ್ಲಿ ಹೇಳಲು ಕಲಿಸಬೇಕು. ಗ್ರಾಮ ಸಭೆಯಲ್ಲಿ ನಿಂತು ಹೇಳಬೇಕಾದವರು ಇವರೇ ತಾನೇ?

ನಮ್ಮ ಜಿಲ್ಲೆಯಲ್ಲಿ ದೊಡ್ಡ ತಾಂತ್ರಿಕ ಕೆಲಸಗಳಿಗೆ ಕೊರತೆ ಇಲ್ಲ. ಕಾಳಿಗೆ ಸೂಪಾ ಅಣೆಕಟ್ಟು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಇವಕ್ಕೆಲ್ಲ ನಮ್ಮವರು ನೆಲ ಕೊಟ್ಟರು, ಮನೆ ಬಿಟ್ಟರು. ನಕ್ಷೆ ಹಿಡಿದವರು ಹೆಚ್ಚಾಗಿ ಹೊರಗಿನಿಂದ ಬಂದರು. ಆಗ ಬೇರೆ ದಾರಿ ಇರಲಿಲ್ಲ. ಈಗ ಇದೆ.

ಸಮಾರಂಭದ ದಿನ ವೇದಿಕೆಯ ಮೇಲೆ ಏನೇನು ಭಾಷಣ ಆಯಿತು ಅಂತ ನನಗೆ ಪೂರ್ತಿ ನೆನಪಿಲ್ಲ. ನೆನಪಿರುವುದು ಒಂದೇ. ಹೆಸರು ಕರೆದಾಗ ಅವಳ ಅಪ್ಪ ಎದ್ದು ನಿಂತರು. ಹಿಂದೆ ಕೂತವರು "ಕೂತ್ಕೊಳ್ಳಿ" ಅಂದರು. ಅವರಿಗೆ ಕೇಳಿಸಲಿಲ್ಲ. ಮಗಳು ಕೆಳಗೆ ಇಳಿದು ಬರುವವರೆಗೂ ನಿಂತೇ ಇದ್ದರು. ಅವಳು ಪ್ರಮಾಣಪತ್ರವನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಮೊದಲು ಸೆರಗಿನಿಂದ ಕೈ ಒರೆಸಿಕೊಂಡು ಆಮೇಲೆ ತೆಗೆದುಕೊಂಡರು. ಅದರಲ್ಲಿ ಆ ಹತ್ತು ಅಕ್ಷರದ ಸಂಖ್ಯೆಯನ್ನು ಹುಡುಕಿದರು. ಸಿಕ್ಕಿತು.

ಅವಳಿಗೆ ಬೆಂಗಳೂರಿನಲ್ಲಿ ಒಂದು ಕೆಲಸದ ಕರೆ ಬಂದಿದೆ. ಸರ್ಕಾರದ ಎಂಜಿನಿಯರ್ ಹುದ್ದೆಯ ಪರೀಕ್ಷೆಗೂ ಓದುತ್ತಿದ್ದಾಳೆ. ಇಲ್ಲೇ ಇರು ಅಂತ ನಾನು ಹೇಳಲಾರೆ. ಒಂದು ಕಾಲದಲ್ಲಿ ನನ್ನನ್ನು ಇಲ್ಲೇ ಇರು ಅಂದಿದ್ದರು, ಅದರ ಭಾರ ನನಗೆ ಗೊತ್ತು. ಆದರೆ ಇಲ್ಲಿ ಸಂಬಳದ ಕೆಲಸ ಇದ್ದರೆ ಅವಳು ಉಳಿಯುತ್ತಾಳೆ. ಹೆದ್ದಾರಿ ಬದಿಯ ಪ್ರತಿ ಧರೆಯನ್ನೂ ಪ್ರತಿ ಮಳೆಗಾಲದಲ್ಲಿ ನೋಡಿ ಬರೆದಿಡುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳಿಗೇ ಯಾಕೆ ಕೊಡಬಾರದು? ಸಿವಿಲ್ ಓದುವ ಮಕ್ಕಳಿದ್ದಾರೆ, ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯ ಇದೆ, ಗುಡ್ಡ ಕಣ್ಣೆದುರೇ ಇದೆ.

ಸದ್ಯಕ್ಕೆ ಅವಳು ಅದನ್ನು ಒಬ್ಬಳೇ ಮಾಡುತ್ತಿದ್ದಾಳೆ. ಮನೆಯ ಹಿಂದಿನ ಗುಡ್ಡದ ಮೇಲೆ ಒಂದು ಬಿರುಕು ಇದೆ. ಅದರ ಆಚೆ ಒಂದು ಗೂಟ, ಈಚೆ ಒಂದು ಗೂಟ ಹೊಡೆದಿದ್ದಾಳೆ. ಪ್ರತಿ ಭಾನುವಾರ ಟೇಪು ಹಿಡಿದು ಅಳೆಯುತ್ತಾಳೆ. ಮಳೆ ಎಷ್ಟು ಬಿತ್ತು ಅಂತ ನೋಡಲು ಅಂಗಳದಲ್ಲಿ ನೆಟ್ಟಗಿನ ಬಾಟಲಿ ಒಂದನ್ನು ಇಟ್ಟಿದ್ದಾಳೆ, ಅದನ್ನು ಓದುವ ಕೆಲಸ ತಮ್ಮನದು. ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿದೆ. ಹೋದ ಭಾನುವಾರ ಗೂಟಗಳ ನಡುವಿನ ಅಂತರ ನಾಲ್ಕು ಮಿಲಿಮೀಟರ್ ಜಾಸ್ತಿಯಾಗಿತ್ತು. ಸೋಮವಾರ ಬೆಳಿಗ್ಗೆ ಆ ಪುಟದ ನಕಲು ತೆಗೆಸಿ ಪಂಚಾಯತಿಗೆ ಕೊಟ್ಟು ಬಂದಿದ್ದಾಳೆ. ಗುಡ್ಡದ ಕೆಳಗಿನ ಎರಡು ಮನೆಯವರು ರಾತ್ರಿ ಮಲಗಲು ಈಗ ಶಾಲೆಗೆ ಹೋಗುತ್ತಿದ್ದಾರೆ.

ನಮಸ್ಕಾರ.