ಸಣ್ಣಗಾಗೋ ಇಂಜೆಕ್ಷನ್ ಅನ್ನೋ ಹೆಸರು ಬಿಡೋಣ

ನಮಸ್ಕಾರ. ಹೋದ ತಿಂಗಳು ಒಂದು ಮದುವೆ ಊಟಕ್ಕೆ ಕೂತಿದ್ದೆ. ಎಡಕ್ಕೆ ನಮ್ಮ ಸಂಬಂಧಿಕರ ಹುಡುಗಿ. ಎಲೆಗೆ ಬಡಿಸಿದ ಹೋಳಿಗೆ ಮುಟ್ಟಲಿಲ್ಲ. "ಸಣ್ಣಗಾಗೋ ಇಂಜೆಕ್ಷನ್ ತಗೋತಿದ್ದೀನಿ, ಹಸಿವೇ ಇಲ್ಲ" ಅಂದಳು. ಡಾಕ್ಟರನ್ನು ಕೇಳಿರಲಿಲ್ಲ. ಬಲಕ್ಕೆ ನಮ್ಮ ದೊಡ್ಡಪ್ಪ. ಒಂದು ಸಲ ಹಾರ್ಟ್ ಅಟ್ಯಾಕ್ ಆಗಿದೆ, ಎರಡು ಸ್ಟೆಂಟ್ ಇವೆ, ಹೊಟ್ಟೆ ದಪ್ಪ, ಶುಗರ್ ಇಲ್ಲ. ಎಲೆ ಪಕ್ಕದಲ್ಲೇ ಬಿಪಿ ಮಾತ್ರೆಯ ಸ್ಟ್ರಿಪ್ ಇಟ್ಟುಕೊಂಡಿದ್ದರು. ಈ ಇಂಜೆಕ್ಷನ್ ವಿಷಯ ಅವರಿಗೆ ಯಾರೂ ಹೇಳಿಯೇ ಇಲ್ಲ. ನನಗೆ ಸಂಕಟವಾಗಿದ್ದು ಅಲ್ಲೇ.

ಜಿಎಲ್‌ಪಿ-1 ಅಂತ ಒಂದು ಹಾರ್ಮೋನ್. ನಾಲ್ಕು ತುತ್ತು ಅನ್ನ ಒಳಗೆ ಹೋದರೆ ಸಾಕು, ನಮ್ಮ ಕರುಳೇ ಅದನ್ನು ರಕ್ತಕ್ಕೆ ಬಿಡುತ್ತದೆ. ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಮೆದುಳಿಗೆ "ಹೊಟ್ಟೆ ತುಂಬಿತು" ಅನ್ನುತ್ತದೆ. ಆದರೆ ಎರಡೇ ನಿಮಿಷದಲ್ಲಿ ಅರ್ಧಕ್ಕರ್ಧ ಮಾಯ. ಸಣ್ಣಗಾಗೋ ಇಂಜೆಕ್ಷನ್ ಅಂತ ಕರೆಯುವ ಸೆಮಗ್ಲುಟೈಡ್ ಇದನ್ನೇ ಹೋಲುವ ಔಷಧಿ. ವಾರವಿಡೀ ಉಳಿಯುತ್ತದೆ.

ಇದರ ಕೆಲಸ ಹೊಟ್ಟೆಗೇ ಮುಗಿಯುವುದಿಲ್ಲ. ಕಿಡ್ನಿ ಜಾಸ್ತಿ ಉಪ್ಪು ಹೊರಗೆ ಹಾಕುತ್ತದೆ. ತೂಕ ಇಳಿಯುತ್ತದೆ. ಮೇಲಿನ ಬಿಪಿ ಮೂರ್ನಾಲ್ಕು ಪಾಯಿಂಟ್ ಕಮ್ಮಿಯಾಗುತ್ತದೆ. ಅಷ್ಟೇನಾ ಅನ್ನಿಸುತ್ತೆ, ಅಲ್ವಾ? ಹೌದು, ಅಷ್ಟೇ. ಅದಕ್ಕೇ ಬಿಪಿ ಮಾತ್ರೆ ಬಿಡುವ ಹಾಗಿಲ್ಲ. ಎದೆಬಡಿತವಂತೂ ಸ್ವಲ್ಪ ಏರುತ್ತದೆ. ಹೃದಯಕ್ಕೆ ಇದು ಒಳ್ಳೆಯದಾ ಅಂತ ಕೇಳಲೇಬೇಕಿತ್ತು.

ಉತ್ತರ 2023ರಲ್ಲಿ ಸೆಲೆಕ್ಟ್ ಅನ್ನುವ ಅಧ್ಯಯನದಿಂದ ಬಂತು. 17,604 ಜನ, ಎಲ್ಲರೂ ನಮ್ಮ ದೊಡ್ಡಪ್ಪನಂಥವರೇ. ತೂಕ ಜಾಸ್ತಿ, ಶುಗರ್ ಇಲ್ಲ, ಆಗಲೇ ಹೃದಯದ್ದೋ ರಕ್ತನಾಳದ್ದೋ ತೊಂದರೆ ಇದ್ದವರು. ಮೂರು ವರ್ಷಕ್ಕೂ ಮೇಲೆ ನೋಡಿದರು. ಬರೀ ನೀರಿನಂಥ ಇಂಜೆಕ್ಷನ್ ತಗೊಂಡವರಲ್ಲಿ ನೂರಕ್ಕೆ 8 ಜನರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ಹೃದಯದ ಕಾಯಿಲೆಯಿಂದ ಸಾವು. ಔಷಧಿ ತಗೊಂಡವರಲ್ಲಿ 6.5. ಸ್ವಲ್ಪವೇ ತೂಕ ಇಳಿದವರಿಗೂ ಲಾಭ ಸಿಕ್ಕಿತು. ಅಂದರೆ ತಕ್ಕಡಿ ಒಂದನ್ನೇ ನೋಡಿ ಈ ಔಷಧಿಯನ್ನು ಅಳೆಯುವುದು ತಪ್ಪು.

ವಾಕರಿಕೆ, ವಾಂತಿ ಬಹಳ ಜನರಿಗೆ ಆಗುತ್ತದೆ. ಖರ್ಚೂ ಇದೆ. ದೊಡ್ಡಪ್ಪನಿಗೆ ಇದು ಹೊಂದುತ್ತಾ ಅಂತ ಹೇಳಬೇಕಾದವರು ಅವರ ಹೃದಯದ ಡಾಕ್ಟರು, ನಾನಲ್ಲ. ಆದರೆ ಕೇಳದೇ ಇದ್ದರೆ ಅವರು ಹೇಳುವುದಾದರೂ ಹೇಗೆ? "ಅದು ಹುಡುಗಿಯರು ತಗೊಳ್ಳೋದಲ್ವೇನಪ್ಪಾ?" ಅಂದರು ದೊಡ್ಡಪ್ಪ. ಮುಂದಿನ ವಾರ ಅವರ ಚೆಕಪ್ ಇದೆ. ಜೊತೆಗೆ ನಾನೂ ಹೋಗುತ್ತಿದ್ದೇನೆ.